ಹಾರದ ಇಮಾನ

ಆಲಮೇಲದಂಥ ಕಬ್ಬಿನ ಊರಿನಲ್ಲಿ ನಿವೃತ್ತ ಮಾಸ್ತರ ಏನು ಮಾಡಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ: ಹೊಲ ನೋಡಬೇಕು, ಪೇಪರ್ ಓದಬೇಕು, ಕಟ್ಟೆ ಮೇಲೆ ಕೂತು ಸರಕಾರ ನಡೆಸಬೇಕು. ಅಂಗೈ ಮೇಲೆ ಕೂಡುವ ವಿಮಾನ ಕಟ್ಟುವುದು ಆ ಪಟ್ಟಿಯಲ್ಲಿಲ್ಲ.

ನಾನು ಕಟ್ಟಲು ಹಿಡಿದದ್ದು ಟೈಗರ್ ಮಾತ್. 1931ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ, ಮೇಲೊಂದು ಕೆಳಗೊಂದು ರೆಕ್ಕೆಯ ಬೈಪ್ಲೇನು. ನಮ್ಮ ವಾಯುಪಡೆಯ ಎಷ್ಟೋ ಹುಡುಗರು ಹಾರಲು ಕಲಿತದ್ದು ಇದರಲ್ಲೇ. ಬೆಂಗಳೂರಿನ ಎಚ್‌ಎಎಲ್ 1951ರಲ್ಲಿ ಎಚ್‌ಟಿ-2 ಎಂಬ ವಿಮಾನ ಹಾರಿಸಿತು, ಕಲಿಸುವ ಕೆಲಸ ಅದರ ಪಾಲಾಯಿತು. ಅಂದರೆ ಟೈಗರ್ ಮಾತ್ ಕೂಡ ನನ್ನ ಹಾಗೆ ಮಾಸ್ತರಿಕೆ ಮುಗಿಸಿ ಮನೆಗೆ ಹೋದದ್ದೇ.

ನಿಜ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 8.94 ಮೀಟರ್. ನನ್ನ ಮಾದರಿ 1:72 ಅಳತೆಯದು, 72ರಿಂದ ಭಾಗಿಸಿದರೆ 12.4 ಸೆಂ.ಮೀ. ಇಲ್ಲಿಯವರೆಗೆ ಲೆಕ್ಕ ಸಲೀಸು, ತಕರಾರೆಲ್ಲ ಸಣ್ಣ ಸಾಮಾನಿನದು. ಬೆಂಗಳೂರಿನಲ್ಲಿರುವ ಅಣ್ಣನ ಮಗ "ಪ್ರಿಂಟ್ ತಗದು ಕಳಸ್ತೀನಿ ಕಾಕಾ" ಎಂದು ಎಂಜಿನ್ನು, ಗಾಲಿ, ರೆಕ್ಕೆಗಳ ನಡುವಿನ ಕಂಬಗಳನ್ನು ಕಳಿಸಿದ. ಪ್ಲಾಸ್ಟಿಕ್ ಕರಗಿಸಿ ಎಳೆ ಬಿಡುವ ಅವನ 3ಡಿ ಪ್ರಿಂಟರಿನ ಮೂತಿ 0.4 ಮಿ.ಮೀ. ಈಗ 72ರಿಂದ ಗುಣಿಸಿರಿ: ಒಂದೊಂದು ಎಳೆಯೂ ನಿಜ ವಿಮಾನದಲ್ಲಿ 29 ಮಿ.ಮೀ.! ಅಷ್ಟಗಲದ ಗೋಳಗುಮ್ಮಟವೇ ಒಳಗೆ ಒಂದೂ ಕಂಬವಿಲ್ಲದೆ ನಿಂತಿರುವಾಗ ನನ್ನ ವಿಮಾನಕ್ಕೇಕೆ ಇಷ್ಟು ದಪ್ಪ ಕಂಬ?

ಮತ್ತೆ ರೆಸಿನ್ ಪ್ರಿಂಟರಿನಲ್ಲಿ ತೆಗೆಸಿದ್ದಾಯಿತು. ಅದು ದ್ರವವನ್ನು ಬೆಳಕಿನಿಂದ 0.05 ಮಿ.ಮೀ. ಪದರಗಳಾಗಿ ಗಟ್ಟಿ ಮಾಡುತ್ತದೆ. ತೊಳೆದ ಮೇಲೆ ಇನ್ನಷ್ಟು ಅತಿನೇರಳೆ ಬೆಳಕು ತಾಗಬೇಕು, ಅದಕ್ಕೆಂದೇ ಪೆಟ್ಟಿಗೆ ಮಾರುತ್ತಾರೆ. ವಿಜಯಪುರ ಜಿಲ್ಲೆಯವನು ಬಿಸಿಲನ್ನು ರೊಕ್ಕ ಕೊಟ್ಟು ತರುವುದೇ? ಮಾಳಿಗೆ ಮೇಲೆ ಸಂಡಿಗೆಯ ಪಕ್ಕದಲ್ಲೇ ಹರವಿದೆ. ಕಾಗೆಯೊಂದು ಬಂದು, ಸಂಡಿಗೆ ಮೂಸಿಯೂ ನೋಡದೆ, ಒಂದು ಗಾಲಿ ಕಚ್ಚಿಕೊಂಡು ಹೋಯಿತು. ಈ ವಿಮಾನದಲ್ಲಿ ಹಾರಿದ ಭಾಗ ಅಂತಿದ್ದರೆ ಅದೊಂದೇ. ಮನೆಯಾಕೆಗೆ ಗಾಲಿಯ ಚಿಂತೆ ಇರಲಿಲ್ಲ. "ನನ್ನ ಸಂಡಿಗಿ ಕಾಗಿಗೂ ಬ್ಯಾಡಾದ್ವೇನ್ರಿ?" ಎಂದಳು.

ಉಳಿದದ್ದು ರೆಕ್ಕೆಗಳನ್ನು ಬಿಗಿಯುವ ತಂತಿ. 5 ಮಿ.ಮೀ. ತಂತಿ ಈ ಅಳತೆಗಿಳಿದರೆ 0.07 ಮಿ.ಮೀ. ಮನುಷ್ಯರ ತಲೆಗೂದಲು ಸುಮಾರಾಗಿ ಅಷ್ಟೇ ದಪ್ಪ. ಮುಂಜಾನೆ ಮನೆಯಾಕೆ ತಲೆ ಬಾಚಿ ಎದ್ದ ಮೇಲೆ ಹಣಿಗೆಯಲ್ಲಿ ಕೂದಲು ಹುಡುಕುವುದು ನನ್ನ ಕೆಲಸವಾಯಿತು. ಬೆಳ್ಳಿಯ ಎಳೆ ಸಿಕ್ಕರೆ ಬಲು ಖುಷಿ, ತಂತಿಗೆ ಬಣ್ಣ ಹಚ್ಚುವುದು ತಪ್ಪುತ್ತದೆ. ಇದನ್ನು ಆಕೆಗೆ ಹೇಳಿಲ್ಲ.

ಪಕ್ಕದ ಮನೆಯ ರೈತ ಬಂದು ನೋಡಿದ. "ವಿಜಯಪುರದ ಹತ್ರ ಬುರಣಾಪುರದಾಗ ರನ್‌ವೇ ಅದ, ಇಮಾನ ಇಲ್ಲ. ನಿಮ್ಮನ್ಯಾಗ ಇಮಾನ ಅದ, ರನ್‌ವೇ ಇಲ್ಲ. ಇರ್ಲಿ, ಇದು ಕಬ್ಬಿಗಿ ಎಣ್ಣಿ ಹೊಡೀತದೇನ್ರಿ ಮಾಸ್ತರ?"

ನಕ್ಕು ಬಿಡುವ ಪ್ರಶ್ನೆಯಲ್ಲ ಅದು. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂಜಿಲೆಂಡಿನಲ್ಲಿ ಇದೇ ಟೈಗರ್ ಮಾತ್‌ಗಳು ಗುಡ್ಡದ ಹುಲ್ಲುಗಾವಲಿಗೆ ಮೇಲಿನಿಂದ ಗೊಬ್ಬರ ಚೆಲ್ಲುತ್ತಿದ್ದವು. ಅದನ್ನೇ ವಿವರಿಸಿದೆ. ಆತ ವಿಮಾನವನ್ನು ಅಂಗೈ ಮೇಲಿಟ್ಟು ತಿರುವಿ ತಿರುವಿ ನೋಡಿ ಕೇಳಿದ:

"ಹಂಗಾರ ಎಕರೆಕ್ಕ ಎಷ್ಟ್ ತಗೋತೀರಿ?"