ನಿಮ್ಮ ಚೀಲ ನೀವೇ ತುಂಬಿದ್ದಾ?

ಯಡಿಯೂರಿನವರಿಗೆ ಲಗೇಜಿನ ಭಯ ಇಲ್ಲ. ಬೆಂಗಳೂರಿನಿಂದ ಹಾಸನ, ಧರ್ಮಸ್ಥಳ, ಮಂಗಳೂರಿನ ಕಡೆಗೆ ಹೊರಟ ಬಸ್ಸುಗಳು ನಮ್ಮೂರಿನ ಮೇಲೆ ಹಾದುಹೋಗುತ್ತವೆ. ಅವುಗಳನ್ನು ನಮ್ಮ ಜನ ಒಂದು ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಮೂಟೆ ಹಿಡಿದೇ ಹತ್ತುತ್ತಾರೆ. ಕಂಡಕ್ಟರು ಮೂಟೆಯನ್ನೊಮ್ಮೆ, ಮುಖವನ್ನೊಮ್ಮೆ ನೋಡುತ್ತಾನೆ. ಲಗೇಜು ಟಿಕೆಟ್ ಕೊಟ್ಟರೆ ಕೊಟ್ಟ, “ಹೋಗ್ಲಿ, ಸೀಟಿನ ಕೆಳಗೆ ತಳ್ಳಮ್ಮ” ಅಂದರೆ ಅಂದ. 2017ರಲ್ಲಿ ಬೆಂಗಳೂರು–ಹಾಸನ ರೈಲು ಓಡತೊಡಗಿ ನಮ್ಮೂರಿಗೂ ಒಂದು ಸ್ಟೇಷನ್ ದಕ್ಕಿದ ಮೇಲಂತೂ ಈ ತಳ್ಳುವ ವಿದ್ಯೆ ಇನ್ನೂ ಬೆಳೆಯಿತು. ರೈಲಿನ ಸೀಟಿನ ಕೆಳಗಿನ ಜಾಗ ಯಾರಪ್ಪನದೂ ಅಲ್ಲ, ಆದ್ದರಿಂದ ಎಲ್ಲರದೂ ಹೌದು. ಇಂಥ ಧಾರಾಳದಲ್ಲಿ ಬೆಳೆದವರನ್ನು ಕೂರಿಸಿಕೊಂಡು, “ವಿಮಾನದೊಳಗೆ ಕೈಚೀಲ ಒಂದೇ, ತೂಕ ಏಳು ಕೆ.ಜಿ., ಉದ್ದ ಅಗಲ ದಪ್ಪ ಮೂರೂ ಕೂಡಿದರೆ 115 ಸೆಂಟಿಮೀಟರ್ ದಾಟಬಾರದು” ಎಂದು ನಾನು ಹೇಳಿದಾಗ ನಮ್ಮ ದೊಡ್ಡಮ್ಮ ಬಾಯಿಗೆ ಸೆರಗು ಹಿಡಿದರು.

“ಚೀಲಕ್ಕೂ ರವಿಕೆ ಅಳತೆ ತಗೋತಾರೇನೋ?”

ದೊಡ್ಡಮ್ಮ ಹೊರಟಿದ್ದು ಮಗಳ ಬಾಣಂತನಕ್ಕೆ, ನ್ಯೂಜೆರ್ಸಿಗೆ. ಕನ್ನಡದ ಅಮ್ಮಂದಿರು ಅಮೆರಿಕಕ್ಕೆ ಹೋಗುವುದು ನಯಾಗರ ನೋಡುವುದಕ್ಕೆ ಎಂದು ಯಾರಾದರೂ ತಿಳಿದಿದ್ದರೆ ಅವರಿಗೆ ಲೋಕಜ್ಞಾನ ಸಾಲದು. ಮೊದಲ ಆರು ತಿಂಗಳು ಹೆಣ್ಣಿನ ತಾಯಿ, ಮುಂದಿನ ಆರು ತಿಂಗಳು ಗಂಡಿನ ತಾಯಿ, ಹೀಗೆ ಪಾಳಿಯ ಮೇಲೆ ಸಮುದ್ರ ದಾಟುತ್ತಾರೆ. ನಡುವೆ ಒಂದು ಭಾನುವಾರ ಅಳಿಯ ಬಿಡುವು ಮಾಡಿಕೊಂಡರೆ ನಯಾಗರ. ನನಗೂ ಅದೇ ವಾರ ಕಚೇರಿಯ ಕೆಲಸದ ಮೇಲೆ ಆ ಕಡೆ ಪ್ರಯಾಣವಿತ್ತು. ದುಬೈನಲ್ಲಿ ವಿಮಾನ ಬದಲಿಸಿ ಹೋಗುವ ಒಂದೇ ಟಿಕೆಟ್ ಇಬ್ಬರಿಗೂ ತೆಗೆಸಿದ್ದಾಯಿತು. ನನ್ನ ಕೈಚೀಲದಲ್ಲಿ ಲ್ಯಾಪ್‌ಟಾಪು, ಎರಡು ಅಂಗಿ, ಎರಡು ಪುಸ್ತಕ ಬಿಟ್ಟರೆ ಏನೂ ಇಲ್ಲ ಎಂಬ ಗುಟ್ಟು ದೇವಸ್ಥಾನದ ಬೀದಿಗೆ ಹೇಗೆ ಮುಟ್ಟಿತೋ ಅಲ್ಲಿನ ಸಿದ್ಧಲಿಂಗೇಶ್ವರನೇ ಬಲ್ಲ.

ಬಂದರು. ಚಿಕ್ಕಪ್ಪನ ಮನೆಯಿಂದ ಹುರಿಹಿಟ್ಟು ಬಂತು. ಎದುರು ಮನೆಯ ಅಜ್ಜಿಯಿಂದ ಹುರುಳಿಕಾಳು, “ಒಂದೇ ಸೇರು ಕಣಪ್ಪಾ, ಅದೇನು ಭಾರ”. ಕುಣಿಗಲ್ಲಿನ ಬೀಗರಿಂದ ಸಾರಿನ ಪುಡಿ, ಹುಳಿ ಪುಡಿ, ಮೆಂತ್ಯದ ಹಿಟ್ಟು. ಗುಬ್ಬಿಯ ಅತ್ತಿಗೆಯಿಂದ ಕೂಸಿಗೆ ಕುಲಾವಿ, ಕುಲಾವಿಯೊಳಗೆ ಅಡಿಕೆ, ಅಡಿಕೆ ಯಾಕೆ ಅಂದರೆ ಅಳಿಯಂದಿರ ಅಪ್ಪನಿಗೆ. ದೇವಸ್ಥಾನದಿಂದ ವಿಭೂತಿ ಗಟ್ಟಿ, ಪ್ರಸಾದದ ಕಾಯಿ. ಯಾರೂ ತಮ್ಮ ಗಂಟನ್ನು ಲಗೇಜು ಅನ್ನಲಿಲ್ಲ. ಎಲ್ಲರದೂ “ಒಂದು ಚೂರು”. ಈ ಒಂದೊಂದು ಚೂರೂ ಸೇರಿ, 23 ಕೆ.ಜಿ.ಯ ಎರಡೆರಡು ಪೆಟ್ಟಿಗೆಗಳು ಭರ್ತಿಯಾಗಿ, ಉಳಿದದ್ದು ಕೈಚೀಲಗಳ ಮೇಲೆ ಬಿತ್ತು.

ತೂಗಲು ಕಾಯಿ ಮಂಡಿಗೆ ಹೋದೆವು. ಮಂಡಿಯ ಯಜಮಾನರು ಪೆಟ್ಟಿಗೆಯನ್ನು ತಕ್ಕಡಿಯ ಮೇಲೆ ಇಡಿಸಿ, ಅಭ್ಯಾಸಬಲದಿಂದ ಮೊದಲು ಮಂಡಿ ಪದ್ಧತಿಯ ತೂಕದ ಕಡಿತ, ಅಂದರೆ ಸೂಟು, ಕಳೆದರು, ಆಮೇಲೆ ತೂಕ ಹೇಳಿದರು. “ಸೂಟು ಕಳೀಬೇಡಿ ಯಜಮಾನ್ರೇ, ವಿಮಾನದವರು ಬಿಡಲ್ಲ” ಅಂದೆ. “ಹಂಗಾದ್ರೆ ಅವರು ನಮಗಿಂತ ಕಟುಕರು ಬಿಡಿ” ಅಂದರು.

ನಮ್ಮದು ತೆಂಗಿನ ಸೀಮೆ. ಹಾಗಾಗಿ ತೆಂಗಿನಕಾಯಿ ಯಾವ ವಯಸ್ಸಿನಲ್ಲಿ ವಿಮಾನ ಹತ್ತಬಹುದು ಎಂಬ ಪ್ರಶ್ನೆಯನ್ನು ಅಂದು ಮಂಡಿಯ ಕಟ್ಟೆಯ ಮೇಲೆ ಕೂತು ಕೂಲಂಕಷವಾಗಿ ಚರ್ಚಿಸಿದೆವು. ಎಳನೀರು ದ್ರವ. ಕೈಚೀಲದಲ್ಲಿ ನೂರು ಮಿಲಿಲೀಟರ್ ಮೀರಿದ ದ್ರವಕ್ಕೆ ಜಾಗವಿಲ್ಲ, ಅಷ್ಟು ಪುಟ್ಟ ಎಳನೀರು ಬಿಡುವ ಮರವನ್ನು ನಮ್ಮ ಜಿಲ್ಲೆಯಲ್ಲಿ ಇನ್ನೂ ಯಾರೂ ನೆಟ್ಟಿಲ್ಲ. ಬಲಿತ ಕಾಯಿಗೂ ವಿಮಾನದೊಳಗೆ ಸಾಮಾನ್ಯವಾಗಿ ಪ್ರವೇಶವಿಲ್ಲ. 2024ರ ಅಕ್ಟೋಬರಿನಲ್ಲಿ ಶಬರಿಮಲೆಗೆ ಹೋಗುವವರ ಇರುಮುಡಿಯೊಳಗಿನ ಕಾಯಿಗೆ, ಅದೂ ತಪಾಸಣೆ ಮಾಡಿ, ಆ ಯಾತ್ರೆಯ ಕಾಲ ಮುಗಿಯುವ ತನಕ ಮಾತ್ರ, ಕೇಂದ್ರ ಸರ್ಕಾರ ವಿನಾಯಿತಿ ಕೊಟ್ಟಿತು. ಅಯ್ಯಪ್ಪನಿಗೆ ದೆಹಲಿಯಲ್ಲಿ ವಶೀಲಿ ಇದೆ. ನಮ್ಮ ತೋಂಟದ ಸಿದ್ಧಲಿಂಗ ಯತಿಗಳು ತಪಸ್ಸಿಗೆ ಕೂತರೆ ಮೈಮೇಲೆ ಹುತ್ತ ಬೆಳೆದರೂ ಏಳದಿದ್ದವರು, ಇಂಥದ್ದಕ್ಕೆಲ್ಲ ಅರ್ಜಿ ಹಾಕುವವರಲ್ಲ.

ಇನ್ನು ಕೊಬ್ಬರಿ. ಒಣಗಿದೆ, ನೀರಿಲ್ಲ, ಸೋರುವುದಿಲ್ಲ, ಇದಕ್ಕೇನು ತಕರಾರು ಅಂತೀರಾ? ಇದಕ್ಕೇ ಎಲ್ಲಕ್ಕಿಂತ ದೊಡ್ಡ ತಕರಾರು. ಅಪಾಯಕಾರಿ ಸರಕುಗಳ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ 1363 ಎಂಬ ನಂಬರು ಕೊಟ್ಟು, ತಾನಾಗಿ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ಸಾಲಿನಲ್ಲಿ ಕೂರಿಸಿದ್ದಾರೆ. ಭಾರತದಲ್ಲಿ 2022ರ ಮಾರ್ಚಿನಿಂದ ಅದನ್ನು ಒಳಗೆ ಹಾಕುವ ಪೆಟ್ಟಿಗೆಯಲ್ಲೂ ಒಯ್ಯುವಂತಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಇರುವುದರಿಂದ, ರಾಶಿ ಬಿದ್ದ ಕಡೆ ಗಾಳಿ, ತೇವ ಸೇರಿದರೆ ಒಳಗೊಳಗೇ ಕಾವು ಏರಿ ಬೆಂಕಿಯಾಗಬಹುದು ಎಂಬುದು ಶಾಸ್ತ್ರ. ಸುಳ್ಳಲ್ಲ. ಆದರೆ ಇದನ್ನು ತೋಟ ಮಾಡಿಕೊಂಡಿರುವ ನಮ್ಮ ಭಾವನಿಗೆ ವಿವರಿಸಿ ನೋಡಿ.

“ಅಟ್ಟದ ಮೇಲೆ ವರ್ಷವಿಡೀ ಕಾಯಿ ಒಣಗುತ್ತೆ, ಕೆಳಗೆ ವರ್ಷವಿಡೀ ಒಲೆ ಉರಿಯುತ್ತೆ. ನಮ್ಮ ತಾತನ ಕಾಲದಿಂದ ಒಂದು ಉಂಡೆಕೊಬ್ಬರಿ ಹೊತ್ತಿಕೊಂಡಿದ್ದು ನೋಡಿಲ್ಲ. ತಿಪಟೂರು ಮಾರ್ಕೆಟ್ಟಲ್ಲಿ ರೇಟು ಬಿದ್ದಾಗ ಹೊತ್ತಿಕೊಳ್ಳೋದು ನಮ್ಮ ಹೊಟ್ಟೆ. ಅದನ್ನ ಬೇಕಾದ್ರೆ ಪಟ್ಟಿಗೆ ಸೇರಿಸಲಿ.”

ಅಂತೂ ಹಸಿ ಕಾಯಿತುರಿಗೆ ಸಕ್ಕರೆ ಹಾಕಿ ಕೊಬ್ಬರಿ ಮಿಠಾಯಿ ಮಾಡಿಬಿಡುವುದು ಎಂಬ ಒಪ್ಪಂದವಾಯಿತು. ಹೆಸರಿನಲ್ಲಿ ಕೊಬ್ಬರಿ ಇದ್ದರೂ ಅದಕ್ಕೆ ನಂಬರು ಕೊಟ್ಟಿಲ್ಲ.

ಅಂಟಿನುಂಡೆಯದು ಬೇರೆಯೇ ಕಥೆ. ಬಾಣಂತಿಗೆ ಅದಿಲ್ಲದೆ ಆಗದು, ಅದಕ್ಕೆ ಗಸಗಸೆ ಇಲ್ಲದೆ ಆಗದು. ನಮ್ಮ ದಾರಿಯೋ ದುಬೈ ಮೇಲೆ. ಗಸಗಸೆ ಅಲ್ಲಿ ಅಫೀಮಿನ ಗಿಡದ ಬೀಜ, ನಿಷೇಧಿತ ವಸ್ತು, ಜೇಬಿನಲ್ಲಿ ಚಿಟಿಕೆ ಸಿಕ್ಕರೂ ಗ್ರಹಚಾರ. ನ್ಯೂಜೆರ್ಸಿಯ ದಿನಸಿ ಅಂಗಡಿಯಲ್ಲಿ ಇದೇ ಗಸಗಸೆ ರಾಜಾರೋಷವಾಗಿ ಸಿಗುತ್ತದೆ. ದೊಡ್ಡಮ್ಮನಿಗೆ ಇದು ತಿಳಿಯಲಿಲ್ಲ. “ದುಬೈನಲ್ಲಿ ನಾವೇನು ಪಂಕ್ತಿಗೆ ಕೂರ್ತೀವಾ? ವಿಮಾನ ನಿಂತು ಹೋಗೋದು ತಾನೆ? ಬಸ್ಸು ಬೆಳ್ಳೂರು ಕ್ರಾಸಲ್ಲಿ ನಿಂತರೆ ಅಲ್ಲಿನವರು ನನ್ನ ಚೀಲ ಬಿಚ್ಚಿ ನೋಡ್ತಾರಾ?” ವಾದ ಗಟ್ಟಿಯಾಗಿಯೇ ಇತ್ತು. ಆದರೂ ಜೈಲಿನ ಮಾತು ಬಂದ ಮೇಲೆ ಗಸಗಸೆ ಬಿಟ್ಟರು. ಬಿಟ್ಟದ್ದನ್ನು ಮಗಳಿಗೆ ಫೋನು ಮಾಡಿ ಹೇಳುವಾಗ ಅವರ ಸ್ವರ ಕೇಳಿದ್ದರೆ ಯಾರೋ ತೀರಿಕೊಂಡರು ಅಂದುಕೊಳ್ಳಬೇಕು.

ಪುಳಿಯೋಗರೆ ಗೊಜ್ಜು ಘನವೋ ದ್ರವವೋ? ಸುರಿದರೆ ಸುರಿಯುವುದಿಲ್ಲ, ಮೊಗಚಿದರೆ ಬೀಳುವುದಿಲ್ಲ. ಆದರೆ ವಿಮಾನದ ಕಾನೂನಿಗೆ ಬಳಿಯಲು ಬರುವ, ಸವರಲು ಬರುವ ಎಲ್ಲವೂ ದ್ರವದ ಜಾತಿಯೇ. ತುಪ್ಪ ಮಾಘದಲ್ಲಿ ಕಲ್ಲು, ಚೈತ್ರದಲ್ಲಿ ನೀರು. ಅದಕ್ಕೂ ಅದೇ ನಿಯಮ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಅಮೆರಿಕಕ್ಕೆ ಹಾರುವ ವಿಮಾನಗಳಲ್ಲಿ ತಂಪು ಪಾನೀಯದ ಬಾಟಲಿಯೊಳಗೆ ಸ್ಫೋಟಕ ಒಯ್ಯಬೇಕೆಂದಿದ್ದವರು ಸಿಕ್ಕಿಬಿದ್ದರು. ಅಲ್ಲಿಂದ ಈಚೆಗೆ ಜಗತ್ತಿನ ಸಜ್ಜನರೆಲ್ಲ ನೂರು ಮಿಲಿಲೀಟರಿನ ಪುಟ್ಟ ಶೀಶೆಗಳನ್ನು ಲೀಟರ್ ಗಾತ್ರದ ಪಾರದರ್ಶಕ ಚೀಲದಲ್ಲಿ ಹಾಕಿ ತೋರಿಸುತ್ತ ತಿರುಗುತ್ತಿದ್ದಾರೆ. ಹೊಸ ಸ್ಕ್ಯಾನರುಗಳು ಬಂದಮೇಲೆ ಕೆಲವು ಕಡೆ ಹಿಡಿತ ಸಡಿಲಾಗಿದೆ, ಎಡಿನ್‌ಬರೋ ವಿಮಾನ ನಿಲ್ದಾಣ 2025ರಲ್ಲಿ ಎರಡು ಲೀಟರಿನವರೆಗೂ ಬಿಟ್ಟಿತು ಎಂದು ನಾನು ಓದಿ ಹೇಳಿದೆ. ದೊಡ್ಡಮ್ಮ ಗೊಜ್ಜಿನ ಡಬ್ಬಿಯನ್ನು ಮೇಲೆ ಶೆಲ್ಫಿಗೆ ಎತ್ತಿಡುತ್ತ, “ಸಂಬಂಧ ಅಲ್ಲೇ ನೋಡಬೇಕಾಗಿತ್ತು” ಅಂದರು.

ಎಲ್ಲ ಮುಗಿಯಿತು ಎನ್ನುವಾಗ ಅವರ ಕೈಚೀಲದ ತಳದಲ್ಲಿ ಏನೋ ಗಟ್ಟಿಯಾಗಿ ಕೈಗೆ ತಗಲಿತು. ಹಳೆಯ ಸೀರೆ ತುಂಡಿನಲ್ಲಿ ಸುತ್ತಿದ ಸಾಣೆಕಲ್ಲು, ಅಂಗೈ ಅಗಲದ್ದು. ಮೂರು ತಲೆಮಾರಿನ ಮಕ್ಕಳಿಗೆ ಬಜೆ, ಜಾಯಿಕಾಯಿ, ಶುಂಠಿ ತೇದು ನಡುವೆ ಗುಳಿ ಬಿದ್ದಿದೆ, ಗುಳಿಯ ಅಂಚಿನಲ್ಲಿ ಹಳದಿ ಕರೆ. ಮೂಗಿನ ಹತ್ತಿರ ತಂದರೆ ಬಜೆಯ ಘಾಟು ಇನ್ನೂ ಬರುತ್ತದೆ. ಮಂಡಿಯ ತಕ್ಕಡಿಯಲ್ಲಿ ಒಂದೂವರೆ ಕೆ.ಜಿ.

“ಅಮೆರಿಕದಲ್ಲಿ ಕಲ್ಲಿಲ್ವಾ ದೊಡ್ಡಮ್ಮ?”

“ಇದೆ ಕಣೋ. ಬಜೆ ತೇದು ನೆಕ್ಕಿಸೋದು ಕೂಸಿಗೆ ಮಾತು ಸ್ಪಷ್ಟ ಬರಲಿ ಅಂತ. ಅಲ್ಲಿನ ಕಲ್ಲಲ್ಲಿ ತೇದರೆ ಯಾವ ಮಾತು ಬರುತ್ತೆ ಹೇಳು?”

ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಕಲ್ಲು ನನ್ನ ಚೀಲಕ್ಕೆ ಬಂತು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲು ನೋಡುವಂಥದ್ದೇ. ಬಿದಿರಿನ ಚಾವಣಿ, ತೂಗುಬಿಟ್ಟ ಹಸಿರು, ನೀರಿನ ಸದ್ದು. ಪ್ರವಾಸಿಗರು ತಲೆ ಎತ್ತಿ ಫೋಟೊ ತೆಗೆಯುತ್ತಾರೆ. ಅದರ ಕೆಳಗೆ ನಮ್ಮಂಥವರು ತಲೆ ತಗ್ಗಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪೆಟ್ಟಿಗೆ ಬಿಚ್ಚಿ ಕೂತಿರುತ್ತೇವೆ. ಬಲಗಡೆ ಒಂದು ತೆಲುಗು ಸಂಸಾರ ಆವಕಾಯಿ ಜಾಡಿ ಮುಂದಿಟ್ಟುಕೊಂಡು ಮೌನವಾಗಿ ಕೂತಿತ್ತು. ಎಡಗಡೆ ಒಬ್ಬ ಹುಡುಗ ಅಮ್ಮನಿಗೆ ಫೋನಿನಲ್ಲಿ, “ಚಕ್ಲಿ ತೆಗೀಲೋ ಪ್ರೆಶರ್ ಕುಕ್ಕರ್ ತೆಗೀಲೋ, ಒಂದು ಹೇಳು” ಅನ್ನುತ್ತಿದ್ದ. ನನ್ನ ಕೈಚೀಲ ಒಂಬತ್ತು ಕೆ.ಜಿ. ದಾಟಿತ್ತು. ಕೌಂಟರಿನ ಹುಡುಗಿ ತುಟಿ ಬಿಗಿಹಿಡಿದು ಮುಳ್ಳು ತೋರಿಸಿದಳು. ಆಗ ದೊಡ್ಡಮ್ಮ ಒಂದು ಸೂಕ್ಷ್ಮ ಕಂಡುಹಿಡಿದರು: ತೂಗುವುದು ಚೀಲವನ್ನು ಮಾತ್ರ, ಮನುಷ್ಯರನ್ನಲ್ಲ. ಐದು ನಿಮಿಷದಲ್ಲಿ ನನ್ನ ಮೈಮೇಲೆ ಎರಡು ಅಂಗಿ, ಒಂದು ಸ್ವೆಟರು, ಅದರ ಮೇಲೊಂದು ಕೋಟು ಏರಿದವು. ಕೋಟಿನ ಒಂದು ಜೇಬಿಗೆ ಪುಸ್ತಕಗಳು, ಇನ್ನೊಂದಕ್ಕೆ ಸಾಣೆಕಲ್ಲು ಇಳಿದವು. ಚೀಲ ಏಳಕ್ಕೆ ಇಳಿಯಿತು. ವಿಮಾನಕ್ಕೆ ಬೀಳುವ ಭಾರದಲ್ಲಿ ಒಂದು ಗುಲಗಂಜಿ ತೂಕವೂ ಕಡಿಮೆಯಾಗಲಿಲ್ಲ. ಕೌಂಟರಿನ ಹುಡುಗಿಗೆ ಮಾತ್ರ ಸಮಾಧಾನವಾಯಿತು.

ಆಮೇಲೆ ಆಕೆ ಕೇಳಿದಳು, “ಸರ್, ನಿಮ್ಮ ಚೀಲ ನೀವೇ ತುಂಬಿದ್ದಾ? ಬೇರೆ ಯಾರಾದರೂ ಏನಾದರೂ ಕೊಟ್ಟಿದಾರಾ?”

ಈ ಪ್ರಶ್ನೆಯನ್ನು ಬರೆದವರು ಯಾವ ಊರಿನವರೋ ಗೊತ್ತಿಲ್ಲ, ಯಡಿಯೂರಿನವರಂತೂ ಅಲ್ಲ. ತನ್ನ ಚೀಲವನ್ನು ತಾನೇ ತುಂಬಿಕೊಂಡು, ಯಾರಿಂದಲೂ ಏನೂ ತೆಗೆದುಕೊಳ್ಳದೆ ಊರು ಬಿಟ್ಟವನನ್ನು ನಮ್ಮಲ್ಲಿ ಮನೆಯವರ ಜೊತೆ ಜಗಳವಾಡಿಕೊಂಡು ಹೋದವನು ಅನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಮುಂದೆ ಬಂದರು.

“ಇವನೇನು ತುಂಬ್ತಾನಮ್ಮ, ಇವನಿಗೆ ಅಂಗಿ ಮಡಚೋಕೆ ಬರಲ್ಲ. ಈ ಹುರುಳಿಕಾಳು ಎದುರು ಮನೆ ಅಜ್ಜಿ ಕೊಟ್ಟಿದ್ದು, ಅವಳ ತಂಗಿ ಮಗಳನ್ನೇ ನಮ್ಮ ಮೈದುನನಿಗೆ ತಂದಿರೋದು. ಈ ಪುಡಿ ಬೀಗರದು. ಇದು ನೋಡು, ಗುಬ್ಬಿಯಿಂದ ಬಂದಿದ್ದು…”

ಮೇಲ್ವಿಚಾರಕರು ಬಂದರು. ಪ್ರತಿಯೊಂದು ಪೊಟ್ಟಣವೂ ಬಿಚ್ಚಲ್ಪಟ್ಟಿತು, ಪ್ರತಿಯೊಂದರ ವಂಶಾವಳಿಯೂ ಹೇಳಲ್ಪಟ್ಟಿತು. ನಾಲ್ಕನೆಯ ಪೊಟ್ಟಣದ ಹೊತ್ತಿಗೆ ಅವರು ಕೇಳುವುದನ್ನು ಬಿಟ್ಟರು, ದೊಡ್ಡಮ್ಮ ಹೇಳುವುದನ್ನು ಬಿಡಲಿಲ್ಲ.

ಭದ್ರತಾ ತಪಾಸಣೆಯಲ್ಲಿ ನನ್ನ ಕಷ್ಟ ನನಗೆ. ಹಾಕಿಕೊಂಡದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ಟ್ರೇಗೆ ಹಾಕಬೇಕು, ಪವರ್ ಬ್ಯಾಂಕನ್ನು ಪ್ರತ್ಯೇಕ ತೋರಿಸಬೇಕು. ಅದು ಕೈಚೀಲದಲ್ಲೇ ಇರಬೇಕು, ಪೆಟ್ಟಿಗೆಯಲ್ಲಿದ್ದರೆ ತಪ್ಪು. ಕೊಬ್ಬರಿ ಎಲ್ಲಿದ್ದರೂ ತಪ್ಪು. ಸಾಣೆಕಲ್ಲನ್ನು ಪರದೆಯ ಮೇಲೆ ನೋಡಿದ ಸಿಬ್ಬಂದಿ ಇಬ್ಬರನ್ನು ಕರೆದು ತೋರಿಸಿದ, ಮೂವರೂ ನನ್ನ ಮುಖ ನೋಡಿದರು. “ಬಾಣಂತನಕ್ಕೆ” ಅಂದೆ. ನಾಲ್ಕು ಪದರ ಬಟ್ಟೆ ಬಿಚ್ಚಿ ನಿಂತ ಗಂಡಸು ಹೀಗೆ ಹೇಳಿದರೆ ಏನು ಮಾಡುತ್ತಾರೆ ಪಾಪ, ಬಿಟ್ಟರು.

ಅತ್ತ ಹೆಂಗಸರ ಪರದೆಯ ಹಿಂದೆ ದೊಡ್ಡಮ್ಮನ ಎದೆಯ ಹತ್ತಿರ ಯಂತ್ರ ಕೀಂಗುಟ್ಟಿತಂತೆ. ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡುವ ಮಾತೇ ಇಲ್ಲ, ಟ್ರೇಯಲ್ಲಿ ಚಪ್ಪಲಿಯ ಪಕ್ಕ ಇಡುವುದಂತೂ ಕನಸಿನಲ್ಲೂ ಇಲ್ಲ. ಇದಕ್ಕಾಗಿ ವಾದ ಹೂಡಲು ಅವರು ಹಿಂದಿನ ರಾತ್ರಿಯಿಂದ ಸಿದ್ಧರಾಗಿದ್ದರು. ಅಲ್ಲಿದ್ದ ಹೆಣ್ಣುಮಗಳು “ಲಿಂಗ ಏನ್ರೀ ಅವ್ವಾ?” ಎಂದು ಕಲಬುರಗಿಯ ಕನ್ನಡದಲ್ಲಿ ಕೇಳಿ, ಮುಚ್ಚಳ ತೆಗೆಸಿ ನೋಡಿ, ಕೈಮುಗಿದು ಬಿಟ್ಟುಬಿಟ್ಟಳಂತೆ. ವಾದ ವ್ಯರ್ಥವಾದದ್ದಕ್ಕೆ ದೊಡ್ಡಮ್ಮ ಆಕೆಗೆ ಮದುವೆಯಾಗಿದೆಯಾ, ಯಾವ ಮಠದ ಒಕ್ಕಲು, ಸಂಬಳ ಎಷ್ಟು ಎಂದೆಲ್ಲ ಕೇಳುತ್ತ ನಿಂತರು. ಸಾಲು ಹಿಂದಕ್ಕೆ ಬೆಳೆಯಿತು.

ದುಬೈನಲ್ಲಿ ಅಮೆರಿಕದ ವಿಮಾನಕ್ಕೆ ಮತ್ತೊಂದು ಜರಡಿ. 2018ರ ಜೂನ್ ಕೊನೆಯಿಂದ ಅಮೆರಿಕ ತನ್ನಲ್ಲಿಗೆ ಬರುವ ವಿಮಾನಗಳ ಕೈಚೀಲದಲ್ಲಿ ಸುಮಾರು 350 ಮಿಲಿಲೀಟರ್ ಗಾತ್ರ ಮೀರಿದ ಪುಡಿಗಳ ಮೇಲೆ ಕಣ್ಣಿಟ್ಟಿದೆ. ಪುಡಿಯೇ ಪ್ರಾಣವಾಗಿರುವ ಕನ್ನಡಿಗರನ್ನು ಕಂಡೇ ಈ ನಿಯಮ ಮಾಡಿದಂತಿದೆ. ಬೀಗರ ಸಾರಿನ ಪುಡಿಯ ಡಬ್ಬಿಯನ್ನು ಒಬ್ಬ ಅಧಿಕಾರಿ ಬಿಳಿ ಬಟ್ಟೆಯ ಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಯಂತ್ರದೊಳಗಿಟ್ಟ. ಯಂತ್ರ ಯೋಚಿಸತೊಡಗಿತು. ದೊಡ್ಡಮ್ಮ ನನ್ನ ತೋಳು ತಿವಿದರು.

“ಏನಂತೋ? ಇಂಗು ಜಾಸ್ತಿ ಆಯ್ತಂತಾ? ನಾನು ಆವತ್ತೇ ಅಂದೆ, ಬೀಗರ ಕೈ ಸ್ವಲ್ಪ ಧಾರಾಳ.”

ಹಸಿರು ದೀಪ ಬಂತು. ಪುಡಿ ಪಾಸಾಯಿತು.

ವಿಮಾನದಲ್ಲಿ ಕೂತು ಬೆಲ್ಟು ಬಿಗಿದ ಮೇಲೆ ದೊಡ್ಡಮ್ಮನಿಗೆ ಮನುಷ್ಯರನ್ನು ಯಾಕೆ ತೂಗುವುದಿಲ್ಲ ಎಂಬ ಚಿಂತೆ ಮತ್ತೆ ಹತ್ತಿತು. ಮುಂದಿನ ಸಾಲಿನಲ್ಲಿ ಎರಡು ಸೀಟಿನಷ್ಟಿದ್ದ ಒಬ್ಬ ಮಹನೀಯರನ್ನು ಕಣ್ಣಲ್ಲೇ ತೋರಿಸಿ, “ಇವರ ಚೀಲ ಏಳಾದ್ರೆ ಸಾಕು, ನಿನ್ನದು ಎಂಟಾದ್ರೆ ತಪ್ಪು. ಇದು ಯಾವ ನ್ಯಾಯ?” ಎಂದರು. ಹಾಗೇನಿಲ್ಲ, 2024ರಲ್ಲಿ ಫಿನ್ಲೆಂಡಿನ ಫಿನ್‌ಏರ್ ಕಂಪನಿ ಹೆಲ್ಸಿಂಕಿಯಲ್ಲಿ ಒಪ್ಪಿದ ಪ್ರಯಾಣಿಕರನ್ನು ಅವರವರ ಕೈಚೀಲದ ಸಮೇತ ತೂಗಿತ್ತು, ವಿಮಾನದ ಭಾರದ ಲೆಕ್ಕ ಸರಿಯಾಗಿ ಸಿಗಲಿ ಎಂದು ಸರಾಸರಿ ತೆಗೆಯಲು ಹಾಗೆ ಮಾಡುತ್ತಾರೆ ಎಂದೆ.

ಮಠದಲ್ಲಿ ಸ್ವಾಮಿಗಳ ತುಲಾಭಾರವನ್ನು ಮುಂದಿನ ಸಾಲಿನಲ್ಲಿ ಕೂತು ನೋಡಿದವರು ದೊಡ್ಡಮ್ಮ. ಕುತೂಹಲದಿಂದ ನನ್ನ ಕಡೆ ತಿರುಗಿದರು.

“ಹೌದಾ? ಆ ಕಡೆ ತಟ್ಟೇಲಿ ಏನಿಟ್ಟಿದ್ರಂತೆ, ಬೆಲ್ಲಾನೋ ಚಿಲ್ಲರೆ ಕಾಸೋ?”