ಕಾಂಪ್ಯಾಕ್ಟ್ ಎಸ್‌ಯುವಿ ಮೀಮಾಂಸೆ

ಶಾಸ್ತ್ರಗ್ರಂಥಗಳಲ್ಲಿ ಯಾವ ವಿಚಾರ ಎತ್ತಿಕೊಂಡರೂ ಮೊದಲು ವಿಷಯ, ಆಮೇಲೆ ಸಂಶಯ, ಅನಂತರ ಪೂರ್ವಪಕ್ಷ, ಕೊನೆಗೆ ಸಿದ್ಧಾಂತ ಎಂಬ ಕ್ರಮವುಂಟು. ಪ್ರಸ್ತುತ ವಿಷಯವೆಂದರೆ ಮೈಸೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ ನಿಂತಿರುವ, ಹದಿನೈದು ವರ್ಷ ತುಂಬಿದ, ಕೆಎ-09 ನೋಂದಣಿಯ ಕೆಂಪು ಕಾರು. ಸಂಶಯವೆಂದರೆ ಇದನ್ನು ಇಟ್ಟುಕೊಳ್ಳುವುದೋ, ಕೊಟ್ಟು ಕಾಂಪ್ಯಾಕ್ಟ್ ಎಸ್‌ಯುವಿ ತರುವುದೋ ಎಂಬುದು. ಪೂರ್ವಪಕ್ಷ ನನ್ನ ಭಾವಮೈದುನ. ಸಿದ್ಧಾಂತ ಅಮ್ಮ. ನಡುವೆ ಸಿಕ್ಕಿಕೊಂಡ ಪ್ರಸ್ತುತ ಲೇಖಕನಿಗೆ ಕಂತು ಕಟ್ಟುವುದರ ಹೊರತು ಶಾಸ್ತ್ರದಲ್ಲಿ ಬೇರೆ ಅಧಿಕಾರವಿಲ್ಲ.

ಮೊದಲು ಹಳೆಯ ಗಾಡಿಯ ಆಕರಗಳನ್ನು ನೋಡಬೇಕು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಕ್ಕಾಗಿ ಊರೂರಿನ ಕಲ್ಲುಗಳನ್ನು ಓದಿಸುವ ಕಾಲಕ್ಕೆ ನಮ್ಮ ಕಾರು ಇರಲಿಲ್ಲವಾದ್ದರಿಂದ ಆ ಸಂಪುಟಗಳಲ್ಲಿ ಅದು ಬಿಟ್ಟುಹೋಗಿದೆ. ಆ ಕೊರತೆಯನ್ನು ಇಲ್ಲಿ ತುಂಬಲಾಗಿದೆ. ಎಡಬಾಗಿಲ ಮೇಲೆ ಒಂದೂವರೆ ಅಡಿ ಉದ್ದದ, ಒಂದೇ ಸಾಲಿನ ಗೀರುಶಾಸನವಿದೆ. ಆದಿಭಾಗ ತ್ರುಟಿತ. ಕರ್ತೃ, ದೇವರಾಜ ಮಾರುಕಟ್ಟೆಯ ಬಳಿಯ ಒಂದು ಹೂವಿನ ತಳ್ಳುಗಾಡಿ. ಹಿಂದಿನ ಬಂಪರಿನ ತಗ್ಗು ದಾನಶಾಸನ. ನಾನು ರಿವರ್ಸ್ ತೆಗೆಯುವಾಗ ಹಿಂದೆ ನಿಂತು "ಬರ್ಲಿ, ಬರ್ಲಿ, ಇನ್ನೂ ಬರ್ಲಿ" ಎಂದ ಮಾವನವರು ದಯಪಾಲಿಸಿದ್ದು. ಶಾಸನಗಳ ಕೊನೆಗೆ ಬರುವ ಶಾಪದ ಭಾಗವನ್ನು ಇಲ್ಲಿ ಕೆತ್ತಿಲ್ಲ, ಬಾಯಿಮಾತಿನಲ್ಲಿ ನಾನೇ ಪೂರೈಸಿದ್ದೇನೆ. ಇವಲ್ಲದೆ ಒಂದು ಧ್ವನಿಸಾಕ್ಷ್ಯವೂ ಉಂಟು. ಸ್ಟೇರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರನ್ ತಾನಾಗಿಯೇ ಹೊಡೆದುಕೊಳ್ಳುತ್ತದೆ. ಮೆಕ್ಯಾನಿಕ್ ಮೂರು ಸಲ ಬಿಚ್ಚಿ ಕಟ್ಟಿ, "ಬಿಡಿ ಸಾರ್, ಅದರ ಸ್ವಭಾವ" ಅಂದ. ಇಷ್ಟು ಚೊಕ್ಕ ಭಾಷ್ಯವನ್ನು ನಾನು ವಿಶ್ವವಿದ್ಯಾಲಯಗಳಲ್ಲೂ ಕೇಳಿಲ್ಲ.

ಇನ್ನು ಲಕ್ಷಣ ವಿಚಾರ. ಕಾಂಪ್ಯಾಕ್ಟ್ ಎಸ್‌ಯುವಿ ಎಂದರೇನು? ಎತ್ತರದ ಗಾಡಿ ಎಂದರೆ ಅತಿವ್ಯಾಪ್ತಿ ದೋಷ, ಹಾಲಿನ ಟೆಂಪೋಗೂ ಹೊಂದಿಬಿಡುತ್ತದೆ. ನಾಲ್ಕೂ ಗಾಲಿ ಎಳೆಯುವ ಕಾಡುಮೇಡಿನ ವಾಹನ ಎಂದರೆ ಅವ್ಯಾಪ್ತಿ. ಈ ಜಾತಿಯ ಬಹುಪಾಲು ಗಾಡಿಗಳಲ್ಲಿ ಇಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಗಾಲಿಗಷ್ಟೆ. ನಿರ್ದುಷ್ಟ ಲಕ್ಷಣ ಸಿಕ್ಕಿದ್ದು 2006ರ ಕೇಂದ್ರ ಬಜೆಟ್ಟಿನಲ್ಲಿ. ನಾಲ್ಕು ಮೀಟರ್ ಮೀರದ, ಪೆಟ್ರೋಲಾದರೆ 1200 ಸಿಸಿ, ಡೀಸೆಲ್ಲಾದರೆ 1500 ಸಿಸಿ ಮೀರದ ಕಾರುಗಳನ್ನು 'ಸಣ್ಣ ಕಾರು' ಎಂದು ಕರೆದು ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿದರು. ಶಿಲ್ಪಿಗಳಿಗೆ ತಾಳಮಾನ ಹೇಗೋ ಕಾರು ಮಾಡುವವರಿಗೆ ಆಮೇಲೆ ಇದೇ ಪ್ರಮಾಣವಾಯಿತು. 2013ರ ಇಕೋಸ್ಪೋರ್ಟ್ 3999 ಮಿ.ಮೀ. 2016ರ ವಿಟಾರಾ ಬ್ರೆಝಾ 3995. 2019ರ ವೆನ್ಯೂ 3995. 2020ರ ಸೋನೆಟ್ ಸಹ 3995. ಅಮೆರಿಕ, ಜಪಾನ್, ಕೊರಿಯಾ ಮೂಲದ ಕಂಪನಿಗಳು ಒಂದನ್ನೊಂದು ಕೇಳದೆ ಹೆಚ್ಚುಕಡಿಮೆ ಒಂದೇ ಸಂಖ್ಯೆಗೆ ಬಂದು ನಿಂತದ್ದನ್ನು ಕಂಡರೆ ಋಷಿಗಳಿಗೆ ಒಂದೇ ಸತ್ಯ ಬೇರೆ ಬೇರೆ ಕಡೆ ದರ್ಶನವಾದ ಹಾಗಿದೆ. ಈ ದರ್ಶನದ ಮೂಲ ಹಿಮಾಲಯದಲ್ಲಲ್ಲ, ದೆಹಲಿಯ ಹಣಕಾಸು ಸಚಿವಾಲಯದಲ್ಲಿದೆ ಎಂಬುದೇ ಪ್ರಸ್ತುತ ಲೇಖಕನ ಸಂಶೋಧನೆ.

ಜಿಎಸ್‌ಟಿ ಬಂದ ಮೇಲೆ ಶಾಸ್ತ್ರ ಇನ್ನೂ ಸೂಕ್ಷ್ಮವಾಯಿತು. 2022ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ, ಎಸ್‌ಯುವಿ ಎಂದು ಹೆಚ್ಚಿನ ಸೆಸ್ ಹಾಕಬೇಕಾದರೆ ನಾಲ್ಕು ಲಕ್ಷಣಗಳೂ ಕೂಡಬೇಕು ಎಂದು ಸ್ಪಷ್ಟಪಡಿಸಿತು. ಇಂಜಿನ್ 1500 ಸಿಸಿಗಿಂತ ಹೆಚ್ಚಿರಬೇಕು, ಉದ್ದ 4000 ಮಿ.ಮೀ. ದಾಟಬೇಕು, ನೆಲದಿಂದ ಅಂತರ 170 ಮಿ.ಮೀ. ಆದರೂ ಇರಬೇಕು, ಮತ್ತು ಜನ ಅದನ್ನು ಎಸ್‌ಯುವಿ ಎಂದು ಕರೆಯುತ್ತಿರಬೇಕು. ಕೊನೆಯದನ್ನು ಗಮನಿಸಿ. ಲೋಕರೂಢಿಯೂ ಪ್ರಮಾಣ ಎಂದು ವೈಯಾಕರಣರು ಹೇಳಿದ್ದನ್ನು ತೆರಿಗೆಯವರು ಒಪ್ಪಿಕೊಂಡ ಅಪೂರ್ವ ಗಳಿಗೆ ಅದು. ಬಹಳ ಕಾಲ ಉಳಿಯಲಿಲ್ಲ. 2023ರ ಜುಲೈನಲ್ಲಿ 'ಹೆಸರು ಏನೇ ಇರಲಿ' ಎಂದು ತಿದ್ದಿ, ನೆಲದಂತರವನ್ನು ಖಾಲಿ ಗಾಡಿಯಲ್ಲೇ ಅಳೆಯಬೇಕೆಂದೂ ಸೇರಿಸಿದರು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ, ಸಣ್ಣ ಕಾರಿಗೆ ಶೇ. 18, ಉಳಿದ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40 ಎಂದಾಯಿತು. ಬ್ರೆಝಾ ಪಾಪ, ಉದ್ದದಲ್ಲಿ ಗೆದ್ದು ಉದರದಲ್ಲಿ ಸೋತಿತು. 3995 ಮಿ.ಮೀ. ಇದ್ದರೂ ಅದರ ಪೆಟ್ರೋಲ್ ಇಂಜಿನ್ 1462 ಸಿಸಿ.

ಇದರಿಂದ ಏನು ಸಿದ್ಧವಾಯಿತು? ಶೇ. 18ರ ಕಾಂಪ್ಯಾಕ್ಟ್ ಎಸ್‌ಯುವಿ ಷೋರೂಮಿನಲ್ಲಿ ವ್ಯಾವಹಾರಿಕವಾಗಿ ಎಸ್‌ಯುವಿ, ಪಾರಮಾರ್ಥಿಕವಾಗಿ ಸಣ್ಣ ಕಾರು. ಭಾವಮೈದುನನಿಗೆ ಇದನ್ನು ವಿವರಿಸಿದೆ. "ಭಾವ, ಹಂಪ್ ಮೇಲೆ ಹೋಗ್ವಾಗ ಅಡಿ ಉಜ್ಜಲ್ಲ, ಅಷ್ಟು ಸಾಕಲ್ವಾ?" ಎಂದ.

ಹಂಪಿನ ವಿಚಾರದಲ್ಲೂ ಪ್ರಮಾಣಗ್ರಂಥವಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸುಖವಾಗಿ ದಾಟಬಹುದು. ಅಂದರೆ ಹಂಪ್ ಹೆಚ್ಚುಕಡಿಮೆ ಕಾರಿನಷ್ಟೇ ಉದ್ದವಿದ್ದು, ಗಾಡಿ ಅದರ ಮೇಲೆ ಮಲಗೆದ್ದು ಹೋಗಬೇಕು. ನಮ್ಮ ಬೀದಿಯ ಹಂಪ್ ಕಟ್ಟಿದ ಮಹನೀಯರು ಎತ್ತರವನ್ನು ಬೇರೆ ಗ್ರಂಥದಿಂದಲೂ ಅಗಲವನ್ನು ರೊಟ್ಟಿ ಹಲಗೆಯಿಂದಲೂ ತೆಗೆದುಕೊಂಡಿದ್ದಾರೆ. ಖಾಲಿ ಗಾಡಿಯ 170 ಮಿ.ಮೀ. ಅಲ್ಲಿ ಲೆಕ್ಕಕ್ಕೆ ಬಾರದು, ಹಿಂದಿನ ಸೀಟಿನಲ್ಲಿ ಭಾವಮೈದುನ ಇರುತ್ತಾನೆ.

ಮುಂದೆ ಪ್ರತ್ಯಕ್ಷ ಪ್ರಮಾಣ, ಲೋಕಭಾಷೆಯಲ್ಲಿ ಟೆಸ್ಟ್ ಡ್ರೈವ್. ಅಮ್ಮನನ್ನು ಕರೆದುಕೊಂಡು ಹೋದೆ. ಷೋರೂಮಿನ ಹುಡುಗ ಬಾಗಿಲು ತೆಗೆದು ನಿಂತ. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದುಹಿಂದಾಗಿ ಬಂದು ಸುಮ್ಮನೆ ಕೂತರು. ಅಷ್ಟೇ. ಹಳೆಯ ಕಾರಿನಲ್ಲಿ ಅವರು ಮೊದಲು ತಲೆ ಬಗ್ಗಿಸಿ, ಒಂದು ಕೈ ಬಾಗಿಲಿಗೂ ಒಂದು ಕೈ ಮಂಡಿಗೂ ಕೊಟ್ಟು, "ಶಿವನೇ" ಎನ್ನುತ್ತ ಬಾವಿಗಿಳಿದ ಹಾಗೆ ಇಳಿಯಬೇಕು. ಜೀಪಿಗಾದರೆ ಅಟ್ಟ ಹತ್ತಬೇಕು. ಇಲ್ಲಿ ಇಳಿಯುವುದೂ ಇಲ್ಲ, ಹತ್ತುವುದೂ ಇಲ್ಲ; ಸೀಟು ಸರಿಯಾಗಿ ಜಗಲಿಕಟ್ಟೆಯ ಎತ್ತರ. ಸನ್‌ರೂಫು, ಟರ್ಬೋ, ಟಚ್‌ಸ್ಕ್ರೀನು ಎಂದು ಏನೇನೋ ಹೇಳುತ್ತಾರೆ. ಈ ಜಾತಿ ನಾಡಿನಲ್ಲಿ ಇಷ್ಟು ಹಬ್ಬಿದ್ದು ಅರವತ್ತು ದಾಟಿದವರ ಮಂಡಿಯ ಕೃಪೆಯಿಂದ ಎಂದು ನನಗೆ ಆ ಕ್ಷಣ ಹೊಳೆಯಿತು. ಇದನ್ನು ಮಾತ್ರ ಅಣಕವಿಲ್ಲದೆ ಹೇಳುತ್ತಿದ್ದೇನೆ.

"ಡಿಕ್ಕಿ 328 ಲೀಟರ್ ಅಮ್ಮಾ" ಎಂದ ಹುಡುಗ.

"ಲೀಟರಾ? ಅದರಲ್ಲಿ ಹಾಲು ಹುಯ್ತೀರೇನಪ್ಪ?" ಎಂದರು ಅಮ್ಮ. ಆಮೇಲೆ ಒಳಗೆ ಇಣುಕಿ, ಎರಡು ಹಲಸಿನಹಣ್ಣು, ಒಂದು ಮೂಟೆ ತೆಂಗಿನಕಾಯಿ ಎಂದು ತಮ್ಮ ಮಾನದಲ್ಲಿ ಬರೆದುಕೊಳ್ಳಲು ನನಗೆ ಹೇಳಿದರು.

ಶಬ್ದಪ್ರಮಾಣವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಮುಗಿಯುವಂಥದ್ದಲ್ಲ. ಪಕ್ಕದ ಮನೆಯ ರಾಯರ ಶಾಸ್ತ್ರದಲ್ಲಿರುವುದು ಒಂದೇ ಸೂತ್ರ: "ಎಷ್ಟು ಕೊಡುತ್ತೆ?" ಎಲ್‌ಎಕ್ಸ್‌ಐ, ವಿಎಕ್ಸ್‌ಐ, ಝಡ್‌ಎಕ್ಸ್‌ಐ ಎಂಬ ಬೀಜಾಕ್ಷರಗಳ ಗೂಢಾರ್ಥ ಇಷ್ಟೆ, ನಮಗೆ ಬೇಕಾದ್ದು ಯಾವಾಗಲೂ ಮುಂದಿನ ಅಕ್ಷರದಲ್ಲಿರುತ್ತದೆ. ಹಾಗೆ ಅಕ್ಷರ ಏರುತ್ತ ಷೋರೂಮ್ ಬೆಲೆ ಹತ್ತು ಲಕ್ಷ ದಾಟಿತೋ, ನಮ್ಮ ರಾಜ್ಯದ ರಸ್ತೆ ತೆರಿಗೆ ಶೇ. 14ರಿಂದ 17ಕ್ಕೆ ನೆಗೆಯುತ್ತದೆ. ಆಷಾಢದಲ್ಲಿ ರಿಯಾಯಿತಿ ಕೊಡುತ್ತಾರೆ, ಆಷಾಢದಲ್ಲಿ ಯಾರೂ ಕೊಳ್ಳುವುದಿಲ್ಲ. ಇದನ್ನು ನ್ಯಾಯಶಾಸ್ತ್ರ ಅನ್ಯೋನ್ಯಾಶ್ರಯ ಎನ್ನುತ್ತದೆ. ಸುರಕ್ಷತೆಯ ಮಾತೂ ಬಂತು. 2018ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನೆಕ್ಸಾನ್ ಐದು ನಕ್ಷತ್ರ ಪಡೆದ ಮೊದಲ ಭಾರತೀಯ ಕಾರಾಯಿತು, 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂದಿದೆ ಎಂದು ಭಾವಮೈದುನ ಒಪ್ಪಿಸಿದ. "ಐದಿರಲಿ, ಇವನದು ವಿಶಾಖ, ಅದಕ್ಕೆ ಹೊಂದುತ್ತೋ ಇಲ್ವೋ ಪುರೋಹಿತರನ್ನ ಕೇಳು" ಎಂದರು ಅಮ್ಮ.

ಇಷ್ಟೆಲ್ಲ ಆಗಿ ಬಿಳಿ ಬಣ್ಣ, ಮಧ್ಯದ ಅಕ್ಷರ ಎಂದು ಬಹುತೇಕ ತೀರ್ಮಾನವಾದ ಮೇಲೆ ಟೇಪು ಹಿಡಿದದ್ದು ನನ್ನ ತಪ್ಪು. 1991ರಲ್ಲಿ ಮನೆ ಕಟ್ಟಿಸುವಾಗ ಅಪ್ಪನ ಮಟ್ಟಿಗೆ ಭವಿಷ್ಯವೆಂದರೆ ಮಾರುತಿ 800. ಅದರ ಉದ್ದ 3335 ಮಿ.ಮೀ. ಅದಕ್ಕೆ ಸುಮಾರು ಎರಡಡಿ ಧಾರಾಳವಾಗಿ ಸೇರಿಸಿ, ಗೇಟಿನಿಂದ ತುಳಸಿಕಟ್ಟೆಯವರೆಗೆ ಹನ್ನೆರಡಡಿ ಹತ್ತಂಗುಲ ಬಿಡಿಸಿದ್ದರು. ಅಂದರೆ 3912 ಮಿ.ಮೀ. ಹೊಸ ಗಾಡಿ 3995. ಬಂಪರು ತುಳಸಿಕಟ್ಟೆಗೆ ಒರಗಿ ನಿಂತರೂ ಹಿಂಬದಿ ನಾಲ್ಕು ಬೆರಳು ಬೀದಿಯಲ್ಲಿರುತ್ತದೆ, ಗೇಟು ಹಾಕಲಾಗದು.

"ಕಟ್ಟೆ ಒಂದಡಿ ಹಿಂದಕ್ಕೆ ಕಟ್ಟಿಸಿದ್ರೆ ಆಯ್ತು ಭಾವ" ಎಂದಿತು ಪೂರ್ವಪಕ್ಷ.

ಅಮ್ಮ ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಕಟ್ಟೆ ಜರುಗಿಸೋದಾದ್ರೆ ಮೊದಲು ನನ್ನ ಜರುಗಿಸಿ" ಎಂದರು.

"ನಿನ್ನ ಮಂಡಿಗೋಸ್ಕರಾನೇ ಅಲ್ವೇನಮ್ಮ ನೋಡಿದ್ದು?"

"ಮಂಡಿ ನಂದು ಕಣೋ. ತುಳಸಿ ನಿಮ್ಮಪ್ಪ ಇಟ್ಟಿದ್ದು."

ಮುಂದಿನ ಸೋಮವಾರ ಹಳೆಯ ಕಾರನ್ನು ಆರ್‌ಟಿಒಗೆ ಒಯ್ದೆ. ಹದಿನೈದು ತುಂಬಿದ ಗಾಡಿಗೆ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆ, ಮೇಲೆ ಹಸಿರು ತೆರಿಗೆ. ಇನ್‌ಸ್ಪೆಕ್ಟರು ಸುತ್ತ ಒಂದು ಪ್ರದಕ್ಷಿಣೆ ಬಂದು, ಗೀರುಶಾಸನವನ್ನು ಓದಿಯೂ ಓದದವರಂತೆ ಬಿಟ್ಟು, ಹಾರನ್ ಹೊಡೆಯಲು ಹೇಳಿದರು. ಹೊಡೆಯಿತು. ತಿರುಗಿಸಲು ಹೇಳಲಿಲ್ಲ. ಐದು ವರ್ಷ ಸಿಕ್ಕಿತು.

ಸಂಜೆ ನಮ್ಮ ಬೀದಿಗೆ ಬಂದು ಮನೆಯತ್ತ ಎಡಕ್ಕೆ ತಿರುಗಿಸಿದೆ. ಹಾರನ್ ಬಡಿದುಕೊಂಡಿತು. ಅಮ್ಮ ಒಳಗಿಂದ ಬಂದು ಗೇಟು ತೆಗೆದರು.