ತೊಂಬತ್ತು ಡಿಗ್ರಿಯ ಪಾಡು

ತುಂಗಭದ್ರೆಯ ಆಚೆ ದಡದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಟ್ಟಲೆ ಲೇತ್ ತಯಾರಿಸಿತು. ಆ ಗಾಳಿ ಈಚೆ ದಡದ ನಮ್ಮೂರು ಹಲಗೇರಿಗೂ ತುಸು ತಾಗಿರಬೇಕು. ಇಲ್ಲವಾದರೆ ಜೀವಮಾನವಿಡೀ ಸಂಧಿ-ಸಮಾಸ ಕಲಿಸಿದ ಮಾಸ್ತರನಿಗೆ ನಿವೃತ್ತಿಯ ದುಡ್ಡಲ್ಲಿ ಲೋಹ ಕೆತ್ತುವ ಪುಟ್ಟ ಮಿಲ್ಲಿಂಗ್ ಮಷೀನು ತರಿಸುವ ಬುದ್ಧಿ ಯಾಕೆ ಬರಬೇಕು?

ಮೆಣಸಿನಕಾಯಿ ಚೀಲದ ಕೋಣೆ ಖಾಲಿ ಮಾಡಿಸಿ, ಕಡಪಾ ಕಲ್ಲಿನ ಮೇಲೆ ಅದನ್ನು ಪ್ರತಿಷ್ಠಾಪಿಸಿದೆ. ಮೈಗೆ ಮೆತ್ತಿಕೊಂಡು ಬಂದ ಗ್ರೀಸನ್ನು ಸೀಮೆಎಣ್ಣೆ ಹಚ್ಚಿ ಒರೆಸಿದೆ. ಒರೆಸುವುದಕ್ಕಿಂತ ಸೀನಿದ್ದೇ ಹೆಚ್ಚು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುತ್ತಾರೆ. ಮೂಗಿಗೆ ಆ ವಿಷಯ ಗೊತ್ತಿಲ್ಲ.

ಇನ್ನು ಅಲೈನ್‌ಮೆಂಟ್. ಕಟರ್ ತಿರುಗಿಸುವ ಸ್ಪಿಂಡಲ್ಲು ಕೆಳಗಿನ ಟೇಬಲ್ಲಿಗೆ ಸರಿಯಾಗಿ 90 ಡಿಗ್ರಿಯಲ್ಲಿ ನಿಲ್ಲಬೇಕು. ಸ್ಪಿಂಡಲ್ಲಿಗೆ ಡಯಲ್ ಗೇಜು ಕಟ್ಟಿ ಕೈಯಿಂದ ತಿರುಗಿಸಿದರೆ ಎಡಕ್ಕೂ ಬಲಕ್ಕೂ ಮುಳ್ಳು ಒಂದೇ ಅಂಕಿ ತೋರಬೇಕು. ಒಂದು ಗೆರೆಯೆಂದರೆ 0.01 ಮಿಲಿಮೀಟರ್. ಟೇಬಲ್ಲಿನ ಸ್ಲಾಟುಗಳಲ್ಲಿ ಗೇಜಿನ ಮೊನೆ ಎಡವುತ್ತದೆಂದು ಮೇಲೊಂದು ಸಪಾಟು ಗಾಜು ಇಡುವುದುಂಟು. ದೇವರ ಕೋಣೆಯಲ್ಲಿ ಕಟ್ಟು ಬಿಚ್ಚಿದ ಹಳೇ ಫೋಟೋದ ಗಾಜು ಸಿಕ್ಕಿತು. ಭಕ್ತಿಯಿಂದಲೇ ಇಟ್ಟೆ.

20 ಗೆರೆ ವ್ಯತ್ಯಾಸ! ಬೋಲ್ಟು ಸಡಿಲಿಸಿ ಮಷೀನಿನ ತಲೆಗೆ ಕಟ್ಟಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದೆ. ಬಿಗಿ ಮಾಡಿದ ಕೂಡಲೇ ಮುಳ್ಳು ಮತ್ತೆ ಸರಿಯಿತು. ಮತ್ತೆ ಸಡಿಲ, ಮತ್ತೆ ಪೆಟ್ಟು. ಸಾಲಿಯಲ್ಲಿ ಯಾವ ಹುಡುಗನ ತಲೆಗೂ ನಾನು ಇಷ್ಟು ಬಾರಿಸಿದ್ದಿಲ್ಲ. ಸಂಜೆಗೆ ಮುಳ್ಳು ಸೊನ್ನೆಯಲ್ಲಿ ನಿಂತಿತು. ರೊಟ್ಟಿ ಬಡಿಯುತ್ತಿದ್ದ ಹೆಂಡತಿಯ ಎದುರು ಕೂತು ಮೈಕ್ರಾನಿನ ಮಹಿಮೆ ಕುರಿತು ಉಪನ್ಯಾಸ ಮಾಡಿದೆ. ಆಕೆ ನಡುವೆ ಏನೋ ಕೇಳಿದಳು. ಉಪನ್ಯಾಸದ ನಡುವೆ ಪ್ರಶ್ನೆಗೆ ಅವಕಾಶ ಕೊಡುವ ರೂಢಿ ನನಗಿಲ್ಲ.

ಮರುದಿನ ಗಾಜು ತೆಗೆದು ಅಲ್ಯುಮಿನಿಯಂ ತುಂಡಿನ ಮೇಲೆ ಕಟರ್ ಓಡಿಸಿದರೆ ಸಪಾಟಾಗಬೇಕಾದ ಮೈಯಲ್ಲಿ ಮೆಟ್ಟಿಲು ಎದ್ದವು.

ಹರಿಹರದಲ್ಲಿ ಫಿಟ್ಟರ್ ಆಗಿದ್ದ ನಮ್ಮ ಓಣಿಯ ಕಾಕಾ ಬಂದರು. ಮಷೀನು ಮುಟ್ಟಲೇ ಇಲ್ಲ. ಗಾಜನ್ನು ಬೆಳಕಿಗೆ ಹಿಡಿದು, ಬೋರಲು ಮಾಡಿ, ಉಗುರಿನಿಂದ ಏನನ್ನೋ ಕೆರೆದರು. ಒಣಗಿದ ಗಂಧದ ಬೊಟ್ಟು.

“ಮಾಸ್ತರ, ಮಷೀನು ಛಲೋ ಇತ್ರೀ. ನೀವು ಬೊಟ್ಟಿಗೆ ತಕ್ಕಂಗ ಅದನ್ನ ವಾಲಿಸೀರಿ.”

ಒಳಗಿನಿಂದ ದನಿ ಬಂತು: “ಗಾಜು ಒರಿಸೀರೇನ್ರೀ ಅಂತ ನಾ ನಿನ್ನೇನ ಕೇಳಿದ್ನಿ. ಮೈಕ್ರಾನು ಮೈಕ್ರಾನು ಅಂದ್ರಿ.”

ಇಂಥ ಮಷೀನು ತರಿಸುವ ಉಮೇದು ಇದ್ದವರು ದಯವಿಟ್ಟು ಅಂಗಡಿಯಿಂದ ಹೊಸ ಗಾಜನ್ನೇ ಕೊಳ್ಳಿರಿ, ಎರಡೂ ಮಗ್ಗುಲು ಒರೆಸಿರಿ.